ಚಾರ್ಮಾಡಿ ಏರಿನಲ್ಲಿ ಟ್ರಾಲಿ ಎಳೆಯುವ ಪಿಕಪ್: ಹೀಟ್ ಇಳಿಸಿದ ಕೆಲಸದ ದಾಖಲೆ

ಗಾಡಿ: 2.5 ಲೀಟರ್, ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಪಿಕಪ್, ಐದು ಗೇರು, ಎಸಿ ಇದೆ. ಓಡಿದ್ದು 1,48,000 ಕಿ.ಮೀ. ಫ್ಯಾನ್ ಬೆಲ್ಟಿನಿಂದ ತಿರುಗುವಂಥದ್ದು, ನಡುವೆ ವಿಸ್ಕಸ್ ಕ್ಲಚ್ (ಬಿಸಿ ಏರಿದಾಗ ಒಳಗಿನ ಗಟ್ಟಿ ಎಣ್ಣೆಯಿಂದ ಫ್ಯಾನನ್ನು ಬಿಗಿಹಿಡಿದು ತಿರುಗಿಸುವ ತುಂಡು). ರೇಡಿಯೇಟರ್ ಅಲ್ಯೂಮಿನಿಯಂ, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್. ಅದರ ಮುಂದೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಜಾಲರಿ), ಅದಕ್ಕೂ ಮುಂದೆ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ).

ಹೊರೆ: ಎರಡು ಚಕ್ರದ ಜನರೇಟರ್ ಟ್ರಾಲಿ. ವೇ ಬ್ರಿಡ್ಜಿನಲ್ಲಿ ತೂಗಿಸಿದಾಗ ಟ್ರಾಲಿ 1,180 ಕೆ.ಜಿ. ಕೇಬಲ್, ಡೀಸೆಲ್ ಕ್ಯಾನು, ಇಬ್ಬರು ಜನ ಸೇರಿ ಪಿಕಪ್ 2,240 ಕೆ.ಜಿ. ಒಟ್ಟು 3,420.

ದಾರಿ: ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಉಜಿರೆ, ಚಾರ್ಮಾಡಿ, ಅಲ್ಲಿಂದ ಘಾಟಿ ಹತ್ತಿ ಕೊಟ್ಟಿಗೆಹಾರ.

ತೊಂದರೆ: ಬಯಲು ರಸ್ತೆಯಲ್ಲಿ ಟ್ರಾಲಿ ಎಳೆದರೂ ಇಂಜಿನ್ ಬಿಸಿಯಾಗುವುದಿಲ್ಲ. ಖಾಲಿ ಗಾಡಿ ಘಾಟಿ ಹತ್ತಿದರೂ ಆಗುವುದಿಲ್ಲ. ಟ್ರಾಲಿ ಕಟ್ಟಿ ಘಾಟಿ ಹತ್ತಿದರೆ ಅರ್ಧ ದಾರಿಯಲ್ಲಿ ಸಣ್ಣ ಟ್ಯಾಂಕಿನಿಂದ ನೀರು ಕಕ್ಕುತ್ತದೆ.

ಮಾರ್ಚ್ 4: ಮೊದಲ ಅಳತೆ

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬಾರದು ಎನ್ನುವುದು ಮೊದಲ ದಿನವೇ ಗೊತ್ತಾಯಿತು. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ 750 ರೂಪಾಯಿಯ ಬ್ಲೂಟೂತ್ ಓಬಿಡಿ ತುಂಡನ್ನು ಸಿಕ್ಕಿಸಿ ಫೋನಿನಲ್ಲಿ ಕೂಲಂಟ್ ಡಿಗ್ರಿ ನೋಡುತ್ತ ಹೋದರೆ, 82ರಿಂದ 104ರವರೆಗೂ ಮುಳ್ಳು ನಡುವಿನಲ್ಲೇ ನಿಂತಿತ್ತು. ಮುಳ್ಳು ಅಲುಗಾಡುವ ಹೊತ್ತಿಗೆ ಕಾಲ ಮೀರಿರುತ್ತದೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಕೊಳ್ಳಬೇಕಾದದ್ದು ಈ ತುಂಡು, ಉಳಿದದ್ದೆಲ್ಲ ಆಮೇಲೆ.

ಮುಂದಿನ ಎಲ್ಲ ಓಟಗಳಿಗೂ ಒಂದೇ ನಿಯಮ ಇಟ್ಟುಕೊಂಡೆವು. ಮಧ್ಯಾಹ್ನ ಒಂದರಿಂದ ಎರಡರೊಳಗೆ ಚಾರ್ಮಾಡಿ ಬಿಡುವುದು, ಹೊರಗಿನ ಬಿಸಿ 34ರಿಂದ 36 ಡಿಗ್ರಿ, ಅದೇ ತೂಕ, ಎಸಿ ಬಂದ್. ನೇರ ಏರಿನಲ್ಲಿ ಮೂರನೇ ಗೇರು, ಸುಮಾರು 32 ಕಿ.ಮೀ. ವೇಗ. 110 ಮುಟ್ಟಿದರೆ ನಿಲ್ಲಿಸುವುದು. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಮಧ್ಯಾಹ್ನ ಓಡಿಸಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಈ ದಿನದ ಲೆಕ್ಕ: ಚಾರ್ಮಾಡಿ ಬಿಟ್ಟಾಗ 88. ಅಣ್ಣಪ್ಪಸ್ವಾಮಿ ಗುಡಿ ಸೇರುವ ಮೊದಲೇ 110. ನಿಲ್ಲಿಸಿದೆವು.

ಮಾರ್ಚ್ 7: ಥರ್ಮೋಸ್ಟಾಟ್ ತೆಗೆದದ್ದು. ತಪ್ಪು

ಘಾಟಿಯ ಆಚೆ ಈಚೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಮೊದಲು ಬರುವ ಸಲಹೆ ಇದು: "ಥರ್ಮೋಸ್ಟಾಟ್ ತೆಗೆದು ಬಿಸಾಡಿ, ನೀರು ಸಲೀಸಾಗಿ ಓಡುತ್ತದೆ." ತೆಗೆದೆವು. ಬಯಲಿನಲ್ಲಿ ಇಂಜಿನ್ 68 ಡಿಗ್ರಿ ದಾಟಲೇ ಇಲ್ಲ, ನೋಡಿ ಖುಷಿಯಾಯಿತು. ಏರು ಶುರುವಾದ ಮೇಲೆ ಹಿಂದಿನದಕ್ಕಿಂತ ಬೇಗ 110 ದಾಟಿ 112ಕ್ಕೆ ಹೋಯಿತು.

ಕಾರಣ ಸರಳ. ಥರ್ಮೋಸ್ಟಾಟ್ ಎಂದರೆ ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್. ಈ ಇಂಜಿನ್ನಿನಲ್ಲಿ ಅದಕ್ಕೆ ಎರಡು ಬಿಲ್ಲೆಗಳಿವೆ. ಮೇಲಿನದು ರೇಡಿಯೇಟರಿನ ದಾರಿ ತೆರೆಯುವಾಗ ಕೆಳಗಿನದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಪೂರ್ತಿ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಹೊರೆ ಇಲ್ಲದಾಗ ಇದು ಗೊತ್ತಾಗುವುದಿಲ್ಲ, ಹೊರೆ ಬಿದ್ದಾಗ ಗೊತ್ತಾಗುತ್ತದೆ.

ಹಳೆಯ ಥರ್ಮೋಸ್ಟಾಟನ್ನೇ ತಿರುಗಿ ಹಾಕಿದೆವು. ಪರೀಕ್ಷೆ ಮಾಡದೆ ಹಾಕಿದ್ದು ಇನ್ನೊಂದು ತಪ್ಪು, ಅದು ಮುಂದೆ ಬರುತ್ತದೆ.

ಮಾರ್ಚ್ 11: ಹೆಚ್ಚು ಒತ್ತಡದ ಮುಚ್ಚಳ. ತಪ್ಪು

ಮೂಲ ಮುಚ್ಚಳ 0.9 ಬಾರ್. 240 ರೂಪಾಯಿ ಕೊಟ್ಟು 1.3 ಬಾರಿನದು ಹಾಕಿದೆವು. ನೀರು ಕಕ್ಕುವುದು ನಿಂತಿತು, ಡಿಗ್ರಿ ಮಾತ್ರ 110ರಲ್ಲೇ ಇತ್ತು. ಮುಚ್ಚಳ ನೀರಿನ ಕುದಿಯುವ ಮಟ್ಟವನ್ನು ಮೇಲಕ್ಕೆ ಒಯ್ಯುತ್ತದೆ ಅಷ್ಟೆ, ಬಿಸಿಯನ್ನು ಹೊರಗೆ ಹಾಕುವುದಿಲ್ಲ. ಎರಡನೇ ದಿನ ಹೀಟರ್ ಹೋಸಿನ ಕೀಲು ಬಿರುಕು ಬಿಟ್ಟು ಒಂದೂವರೆ ಲೀಟರ್ ಕೂಲಂಟ್ ಹೋಯಿತು. ಹೋಸಿಗೆ 180. ಮೂಲ ಒತ್ತಡದ್ದೇ ಹೊಸ ಮುಚ್ಚಳ 220.

ಮಾರ್ಚ್ 16: ಮುಂದೆ ಕರೆಂಟ್ ಫ್ಯಾನ್. ತಪ್ಪು, ದುಬಾರಿ ತಪ್ಪು

12 ಇಂಚಿನ ಎಲೆಕ್ಟ್ರಿಕ್ ಫ್ಯಾನನ್ನು ಕಂಡೆನ್ಸರಿನ ಮುಂದೆ ಕೂರಿಸಿದೆವು. ಫ್ಯಾನ್ 2,600, ರಿಲೇ, ಫ್ಯೂಸ್, ವೈರು 400. ಓಟದಲ್ಲಿ 108. ಎರಡೇ ಡಿಗ್ರಿ. ನಿಂತಾಗ ಗಾಳಿ ಕೊಡುತ್ತದೆ ನಿಜ. ಆದರೆ ಓಡುವಾಗ ಅದರ ಮೋಟಾರು ಮತ್ತು ಚೌಕಟ್ಟು ಮುಂದಿನಿಂದ ನುಗ್ಗುವ ಗಾಳಿಗೆ ಅಡ್ಡ ನಿಲ್ಲುತ್ತವೆ. ಒಳಗೆ ಗಾಳಿ ಹೋಗುವ ದಾರಿಯೇ ಕಟ್ಟಿರುವಾಗ ಮುಂದೆ ಎಷ್ಟು ಊದಿದರೂ ಅಷ್ಟೆ. ಬಿಚ್ಚಿಟ್ಟೆವು.

ಇಲ್ಲಿಗೆ ಊಹೆಯ ಮೇಲೆ ಕೆಲಸ ಮಾಡುವುದನ್ನು ನಿಲ್ಲಿಸಿದೆವು.

ಮಾರ್ಚ್ 22: ಹೆಡ್ ಗ್ಯಾಸ್ಕೆಟ್ ಪರೀಕ್ಷೆ

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಈ ಗ್ಯಾಸ್ಕೆಟ್ ಹೋಗಿದ್ದರೆ ಉಳಿದ ಯಾವ ಕೆಲಸಕ್ಕೂ ಅರ್ಥವಿಲ್ಲ. ಮೂರು ನೋಟಗಳು:

ರಾತ್ರಿಯಿಡೀ ತಣ್ಣಗಿದ್ದ ಗಾಡಿಯನ್ನು ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿ ಐದು ನಿಮಿಷ ನೋಡುವುದು. ಬಿಡದೆ ಗುಳ್ಳೆ ಬಂದರೆ ಸಿಲಿಂಡರಿನ ಗಾಳಿ ನೀರಿಗೆ ಸೇರುತ್ತಿದೆ. ನಮ್ಮದರಲ್ಲಿ ಮೊದಲ ಒಂದು ನಿಮಿಷ ಒಂದೆರಡು ಗುಳ್ಳೆ, ಆಮೇಲೆ ಇಲ್ಲ.

ಮುಚ್ಚಳ ಹಾಕಿ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷದಲ್ಲಿ ಮೇಲಿನ ಹೋಸ್ ಹಿಚುಕುವುದು. ನೀರು ಬಿಸಿಯಾಗುವ ಮೊದಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಕೆಟ್ಟ ಸುದ್ದಿ. ನಮ್ಮದು ಮೆತ್ತಗಿತ್ತು.

ಕೈ ಪಂಪಿನಿಂದ 0.9 ಬಾರ್ ತುಂಬಿ 15 ನಿಮಿಷ ಬಿಡುವುದು. ಮುಳ್ಳು ಕಾಣುವಷ್ಟು ಇಳಿಯಲಿಲ್ಲ.

ಗ್ಯಾಸ್ಕೆಟ್ ಸರಿ ಇದೆ. ಕೂಲಂಟ್ ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಇಜಿಆರ್ ಕೂಲರನ್ನೂ (ಇಂಜಿನ್ನಿಗೆ ಮರಳಿಸುವ ಹೊಗೆಯನ್ನು ನೀರಿನಿಂದ ತಣಿಸುವ ತುಂಡು) ನೋಡಬೇಕು. ಅದು ಒಳಗೆ ಒಡೆದರೆ ನೀರು ಹೊಗೆಯ ಜೊತೆ ಹೋಗುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಆವಿ ಬಿಟ್ಟರೆ ಬೇರೆ ಗುರುತು ಸಿಗುವುದಿಲ್ಲ.

ಮಾರ್ಚ್ 25–30: ಬಿಚ್ಚಿ ತೊಳೆದದ್ದು

ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛ. ಇದೇ ಮೋಸ. ಮೇಲಿನ ಬ್ರಾಕೆಟ್ಟಿನ 10 ನಂಬರಿನ ನಾಲ್ಕು ಬೋಲ್ಟ್ ತೆಗೆದು, ಕಂಡೆನ್ಸರನ್ನು ಪೈಪ್ ಬಿಚ್ಚದೆ ಎರಡು ಬೆರಳು ಮುಂದಕ್ಕೆ ಬಾಗಿಸಿ, ಇಂಟರ್‌ಕೂಲರ್ ಹೊರತೆಗೆದಾಗ ರೇಡಿಯೇಟರಿನ ಮುಖದ ಕೆಳಗಿನ ಅರ್ಧಕ್ಕೆ 4 ಮಿ.ಮೀ. ದಪ್ಪದ ಕಂಬಳಿಯಂಥ ಪದರ ಕಂಡಿತು. ಕೆಂಪು ಮಣ್ಣು, ಹುಳು, ಭತ್ತದ ಹೊಟ್ಟು, ಅಡಿಕೆ ಸಿಪ್ಪೆಯ ನಾರು, ಅದಕ್ಕೆ ಎಣ್ಣೆ ಪಸೆ ಸೇರಿ ಗಟ್ಟಿಯಾಗಿತ್ತು. ಈ ಮೂರು ಜಾಲರಿಗಳ ನಡುವೆ ಸೇರಿದ ಕಸ ಹೊರಗೆ ಬರಲು ದಾರಿಯಿಲ್ಲ. ಸರ್ವಿಸ್ ಸ್ಟೇಷನ್ನಿನಲ್ಲಿ ಮುಂದಿನಿಂದ ನೀರು ಹೊಡೆದಷ್ಟೂ ಇನ್ನಷ್ಟು ಒಳಗೆ ಒತ್ತಿಕೊಳ್ಳುತ್ತದೆ.

ತೊಳೆಯುವ ಕ್ರಮ: ಒಣಗಿದ ಪದರವನ್ನು ಮೊದಲು ಮೆತ್ತನೆ ಬ್ರಷ್ಷಿನಿಂದ ಫಿನ್ (ಜಾಲರಿಯ ತೆಳು ಲೋಹದ ಎಲೆಗಳು) ಇರುವ ದಿಕ್ಕಿನಲ್ಲೇ ಎಳೆದು ತೆಗೆಯುವುದು. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು ಸಿಂಪಡಿಸಿ 20 ನಿಮಿಷ ನೆನೆಸುವುದು. ಆಮೇಲೆ ಇಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ತೋಟಕ್ಕೆ ನೀರು ಬಿಡುವ ಪೈಪಿನ ಒತ್ತಡದಲ್ಲಿ ಬಿಡುವುದು. ಮೂರು ಸಲ ಮಾಡಿದ ಮೇಲೆ ಹಿಂದಿನಿಂದ ಟಾರ್ಚ್ ಹಿಡಿದರೆ ಎಲ್ಲ ಕಡೆ ಬೆಳಕು ಕಂಡಿತು.

ಇಲ್ಲೂ ಒಂದು ತಪ್ಪಾಯಿತು. ಅವಸರಕ್ಕೆ ಪ್ರೆಷರ್ ವಾಷರ್ ಹಿಡಿದದ್ದರಿಂದ ಅಂಗೈಯಗಲದಷ್ಟು ಜಾಗದಲ್ಲಿ ಫಿನ್ನುಗಳು ಮಲಗಿಬಿಟ್ಟವು. ಮಲಗಿದ ಫಿನ್ ಎಂದರೆ ಮುಚ್ಚಿದ ಕಿಟಕಿ. ಪ್ಲಾಸ್ಟಿಕ್ ಪಟ್ಟಿಯೊಂದನ್ನು ಚೂಪು ಮಾಡಿಕೊಂಡು ಒಂದೊಂದೇ ಎಬ್ಬಿಸಲು ಎರಡು ಗಂಟೆ ಹಿಡಿಯಿತು.

ಒಳಗಿನ ಕೆಲಸ: ಹಿಂದಿನ ಕೂಲಂಟ್ ಚಹಾದ ಬಣ್ಣಕ್ಕಿತ್ತು. ಬಾವಿ ನೀರು ತುಂಬಿ ತುಂಬಿ ಹಾಗಾಗಿದೆ. 1,300 ರೂಪಾಯಿಯ ಥರ್ಮಾಮೀಟರ್ ಗನ್ ತಂದು, ಇಂಜಿನ್ ಬಿಸಿ ಇರುವಾಗ ರೇಡಿಯೇಟರಿನ ಮುಖವನ್ನು ಗೆರೆಗೆರೆಯಾಗಿ ಅಳೆದೆವು. ಹೆಚ್ಚಿನ ಕಡೆ 78, ಕೆಳಗಿನ ಎಡಮೂಲೆಯಲ್ಲಿ 46. ಅಲ್ಲಿ ಕೊಳವೆಗಳು ಕಟ್ಟಿವೆ ಎಂದರ್ಥ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಗನ್ ಸುಳ್ಳು ಹೇಳುತ್ತದೆ. ಅಳೆಯುವ ಜಾಗಗಳಿಗೆ ಕಪ್ಪು ಇನ್ಸುಲೇಷನ್ ಟೇಪಿನ ತುಣುಕು ಅಂಟಿಸಿ ಅಳೆಯಬೇಕು.

9 ಲೀಟರ್ ನೀರಿಗೆ 200 ಗ್ರಾಂ ಸಿಟ್ರಿಕ್ ಆಸಿಡ್ (60 ರೂಪಾಯಿ, ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೆ ಕೊಡುತ್ತಾರೆ) ಕರಗಿಸಿ ತುಂಬಿ, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾದ ಮೇಲೆ 20 ನಿಮಿಷ ಓಡಿಸಿ, ತಣ್ಣಗಾದ ಮೇಲೆ ಚೆಲ್ಲಿದೆವು. ನಂತರ ಬರೀ ನೀರಿನಲ್ಲಿ ಐದು ಸಲ, ಬಣ್ಣ ಹೋಗುವವರೆಗೆ. ಕಾಸ್ಟಿಕ್ ಸೋಡಾ ಹಾಕಿ ತೊಳೆಯುವ ಅಭ್ಯಾಸ ಕೆಲವು ಕಡೆ ಇದೆ. ಅಲ್ಯೂಮಿನಿಯಂ ರೇಡಿಯೇಟರಿಗೆ ಅದನ್ನು ಖಂಡಿತ ಹಾಕಬಾರದು, ಅದು ಲೋಹವನ್ನೇ ತಿನ್ನುತ್ತದೆ. ಹಳೆಯ ತಾಮ್ರ–ಹಿತ್ತಾಳೆ ರೇಡಿಯೇಟರಾಗಿದ್ದರೆ ಟ್ಯಾಂಕ್ ಬಿಚ್ಚಿಸಿ ಕೊಳವೆಗಳೊಳಗೆ ರಾಡ್ ಹೊಡೆಸಬಹುದಿತ್ತು, ಇದರಲ್ಲಿ ಆ ದಾರಿ ಇಲ್ಲ. ತೊಳೆದ ಮೇಲೆ ಎಡಮೂಲೆ 46ರಿಂದ 66ಕ್ಕೆ ಬಂತು. ಪೂರ್ತಿ ಸರಿಹೋಗಲಿಲ್ಲ, ಆದರೂ ಹೊಸ ರೇಡಿಯೇಟರ್ ಹಾಕುವಷ್ಟು ಕೆಟ್ಟಿಲ್ಲ.

ಥರ್ಮೋಸ್ಟಾಟನ್ನು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆಯ ಮೇಲಿಟ್ಟೆವು. ತಳಕ್ಕೆ ತಾಗಬಾರದು, ಥರ್ಮಾಮೀಟರೂ ತಾಗಬಾರದು. ಅದರ ಮೇಲೆ 82 ಎಂದು ಅಚ್ಚಾಗಿದೆ. ತೆರೆಯಲು ಶುರುವಾದದ್ದು 86ರಲ್ಲಿ, 95ರಲ್ಲಿ ಬಿಲ್ಲೆ ಎದ್ದದ್ದು 4 ಮಿ.ಮೀ. ಮಾತ್ರ. ಹೊಸದು (680 ರೂಪಾಯಿ) 82ರಲ್ಲಿ ಶುರುವಾಗಿ 95ರಲ್ಲಿ 8 ಮಿ.ಮೀ. ಎದ್ದಿತು. ಹೊಸದನ್ನೂ ಹಾಕುವ ಮೊದಲು ಹೀಗೆ ಕುದಿಸಿ ನೋಡಬೇಕು. ಗಾಳಿ ಹೋಗುವ ಸಣ್ಣ ತೂತು ಮೇಲ್ಭಾಗಕ್ಕೆ ಬರುವಂತೆ ಕೂರಿಸಬೇಕು.

ಕೆಳಗಿನ ಹೋಸ್ ಮೆತ್ತಗಾಗಿತ್ತು. ಅದು ಪಂಪಿನ ಎಳೆತದ ಕಡೆಯ ಹೋಸ್. 2,500 ಆರ್‌ಪಿಎಂಗೆ ಏರಿಸಿದಾಗ ಕೆನ್ನೆ ಒಳಕ್ಕೆ ಹೋದಂತೆ ಚಪ್ಪಟೆಯಾಗುತ್ತಿತ್ತು. ಐಡಲಿನಲ್ಲಿ ನೋಡಿದರೆ ಇದು ಸಿಗುವುದೇ ಇಲ್ಲ. ಹೊಸದು 390.

ಕೂಲಂಟ್: ಗಾಢ ಕೂಲಂಟ್ 3.6 ಲೀಟರ್, ಡಿಎಂ ನೀರು (ಖನಿಜಾಂಶ ತೆಗೆದ ನೀರು) 5.4 ಲೀಟರ್, ಅಂದರೆ ಕೂಲಂಟ್ ನೂರಕ್ಕೆ 40 ಪಾಲು. ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ. ಬಿಸಿ ಹೊರುವುದರಲ್ಲಿ ನೀರೇ ಮೇಲು, ಆದರೆ ತುಕ್ಕು ತಡೆಯಲು ಕೂಲಂಟ್ ಮೂರನೇ ಒಂದು ಪಾಲಿಗಿಂತ ಕಡಿಮೆಯಾಗಬಾರದು. ತುಂಬುವಾಗ ಗಾಡಿಯ ಮೂತಿ ಎತ್ತರಕ್ಕಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿರಲಿ. ನಮಗೆ ಮೊದಲ ಸಲ 7.8 ಲೀಟರೇ ಹಿಡಿಯಿತು, ಉಳಿದದ್ದು ಗಾಳಿ. ಬಿಸಿ ಮಾಡಿ ತಣಿಸಿ ಎರಡು ಸಲ ತುಂಬಿದ ಮೇಲೆ 9 ಲೀಟರ್ ಸೇರಿತು. ಖರ್ಚು 1,400 ಮತ್ತು 200.

ಏಪ್ರಿಲ್ 2ರ ಓಟ: 105. ನಿಲ್ಲದೆ ಕೊಟ್ಟಿಗೆಹಾರ ಸೇರಿದೆವು.

ಏಪ್ರಿಲ್ 6–9: ಫ್ಯಾನ್ ಕವರ್

ಫ್ಯಾನಿನ ಸುತ್ತ ಇರಬೇಕಾದ ಪ್ಲಾಸ್ಟಿಕ್ ಕವರಿನ ಕೆಳಗಿನ ಅರ್ಧ ಇರಲೇ ಇಲ್ಲ. ಹಿಂದೆ ಯಾವಾಗಲೋ ಬೆಲ್ಟ್ ಬದಲಿಸುವಾಗ ತೆಗೆದು ಮತ್ತೆ ಹಾಕಿಲ್ಲ. ಹಳೆಯ ಪಿಕಪ್‌ಗಳಲ್ಲಿ ಇದು ಎಲ್ಲ ಕಡೆ ಕಾಣುವ ಸಂಗತಿ, ಯಾರೂ ಇದನ್ನು ದೊಡ್ಡದೆಂದು ಎಣಿಸುವುದಿಲ್ಲ. ಕವರ್ ಇಲ್ಲದ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಇಂಜಿನ್ ಬದಿಯ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ.

ಹೊಸ ಕವರಿಗೆ ಮೂರು ವಾರ ಕಾಯಬೇಕಿತ್ತು, ಹಾಗಾಗಿ 1.2 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ ಅರ್ಧಚಂದ್ರ ಕತ್ತರಿಸಿ ರಿವೆಟ್ ಹೊಡೆದೆವು. ಮೊದಲ ಕವರಿನಲ್ಲಿ ಫ್ಯಾನಿನ ತುದಿಗೂ ಶೀಟಿಗೂ 8 ಮಿ.ಮೀ. ಬಿಟ್ಟಿದ್ದೆವು. ಅಂತರ ಕಡಿಮೆಯಾದಷ್ಟೂ ಗಾಳಿ ಚೆನ್ನಾಗಿ ಎಳೆಯುತ್ತದೆ ಎಂಬ ಲೆಕ್ಕ. ಮೊದಲ ತಿರುವಿನಲ್ಲೇ ಕಿರ್ ಎಂದು ತಾಗಿತು. ರೇಡಿಯೇಟರ್ ಚಾಸಿಗೆ ಕಟ್ಟಿರುತ್ತದೆ, ಫ್ಯಾನ್ ಇಂಜಿನ್ನಿನ ಮೇಲಿರುತ್ತದೆ. ಟ್ರಾಲಿ ಎಳೆಯುವಾಗ ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಒಂದು ಬದಿಗೆ ವಾಲುತ್ತದೆ. ಅದೃಷ್ಟಕ್ಕೆ ಫ್ಯಾನ್ ಮುರಿಯಲಿಲ್ಲ, ಮುರಿದಿದ್ದರೆ ರೇಡಿಯೇಟರನ್ನೇ ಸೀಳುತ್ತಿತ್ತು. ಎರಡನೇ ಕವರಿನಲ್ಲಿ 22 ಮಿ.ಮೀ. ಬಿಟ್ಟೆವು. ಫ್ಯಾನಿನ ರೆಕ್ಕೆಯ ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಕವರಿನೊಳಗಿದೆ, ಉಳಿದದ್ದು ಇಂಜಿನ್ ಕಡೆ ಹೊರಗೆ. ಪೂರ್ತಿ ಒಳಗೆ ಹೋದರೂ ಪೂರ್ತಿ ಹೊರಗುಳಿದರೂ ಗಾಳಿ ಕಡಿಮೆ.

ಅದೇ ಹೊತ್ತಿಗೆ ರೇಡಿಯೇಟರಿನ ಎರಡು ಬದಿ ಮತ್ತು ತಲೆಯ ಮೇಲಿನ ಸಂದುಗಳಿಗೆ ರಬ್ಬರ್ ಫೋಮ್ ಪಟ್ಟಿ (320 ರೂಪಾಯಿ) ಅಂಟಿಸಿದೆವು. ಮೂಲ ಪಟ್ಟಿಗಳು ಪುಡಿಯಾಗಿ ಹೋಗಿದ್ದವು. ಸಂದಿನಲ್ಲಿ ಎರಡು ಬೆರಳು ತೂರುತ್ತಿದ್ದವು. ಗಾಳಿಗೆ ಸುಲಭದ ದಾರಿ ಸಿಕ್ಕರೆ ಫಿನ್ನುಗಳ ನಡುವೆ ನುಗ್ಗುವುದಿಲ್ಲ.

ಏಪ್ರಿಲ್ 9ರ ಓಟ: 102.

ಏಪ್ರಿಲ್ 12–27: ವಿಸ್ಕಸ್ ಕ್ಲಚ್

ಗಾಡಿ ಬಿಸಿ ಇರುವಾಗ ಬಂದ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ ಕೈಯಿಂದ ಜೋರಾಗಿ ತಿರುಗಿಸಿ ಬಿಟ್ಟರೆ ಒಂದು ಸುತ್ತಿಗಿಂತ ಹೆಚ್ಚು ಹೋಗಬಾರದು. ನಮ್ಮದು ಐದು ಸುತ್ತು ಹೋಯಿತು. ಕ್ಲಚ್ಚಿನ ಮುಖದ ಮೇಲೆ ನಡುವಿನಿಂದ ಹೊರಕ್ಕೆ ಎಣ್ಣೆ ಗೆರೆಗಳಿದ್ದವು, ಅದಕ್ಕೆ ಧೂಳು ಮೆತ್ತಿತ್ತು. ಒಳಗಿನ ಸಿಲಿಕೋನ್ ಎಣ್ಣೆ ಹೊರಬಂದಿದೆ.

ಇದನ್ನು ತೊಳೆಯುವ ಕೆಲಸದ ನಂತರಕ್ಕೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಕ್ಲಚ್ಚಿನ ಮುಂದಿರುವ ಸುರುಳಿ ರೇಡಿಯೇಟರ್ ದಾಟಿ ಬರುವ ಗಾಳಿಯ ಬಿಸಿಯನ್ನು ನೋಡಿ ಫ್ಯಾನನ್ನು ಬಿಗಿಮಾಡುತ್ತದೆ, ನೀರಿನ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ಗಾಳಿಯೇ ದಾಟದಿದ್ದರೆ ಹೊಸ ಕ್ಲಚ್ ಕೂಡ ಸುಮ್ಮನಿರುತ್ತದೆ.

ಮೊದಲು ಎಣ್ಣೆ ತುಂಬಿ ನೋಡಿದೆವು. ಫ್ಯಾನ್ ಕ್ಲಚ್ಚಿಗೆಂದೇ ಬರುವ 10,000 ಸೆಂಟಿಸ್ಟೋಕಿನ ಸಿಲಿಕೋನ್ ಎಣ್ಣೆ, 450 ರೂಪಾಯಿ. ಏಪ್ರಿಲ್ 13ರ ಓಟದಲ್ಲಿ 98. ಒಂದು ವಾರ ಬಿಟ್ಟು ಓಡಿಸಿದರೆ ಮತ್ತೆ 101, ಮುಖದ ಮೇಲೆ ಹೊಸ ಎಣ್ಣೆ ಗೆರೆ. ಸೀಲ್ ಹೋದ ಕ್ಲಚ್ಚಿಗೆ ಎಣ್ಣೆ ತುಂಬುವುದರಿಂದ ಒಂದೇ ಒಂದು ಪ್ರಯೋಜನ: ತೊಂದರೆ ಇಲ್ಲೇ ಇದೆ ಎಂದು ಖಾತ್ರಿಯಾಗುತ್ತದೆ.

ಹೊಸ ಕ್ಲಚ್ 4,300. ಬಿಚ್ಚುವಾಗ ಕೆಲವು ಗಾಡಿಗಳಲ್ಲಿ ನಡುವಿನ ದೊಡ್ಡ ನಟ್ ಉಲ್ಟಾ ಥ್ರೆಡ್ಡಿನದು. ನಮ್ಮದರಲ್ಲಿ 12 ನಂಬರಿನ ನಾಲ್ಕು ನಟ್ಟುಗಳು, ಬೆಲ್ಟ್ ಬಿಗಿ ಇರುವಾಗಲೇ ಅವನ್ನು ಸಡಿಲಿಸಿಕೊಂಡರೆ ಪುಲ್ಲಿ ತಿರುಗುವುದಿಲ್ಲ. ಹೊಸ ಕ್ಲಚ್ಚನ್ನು ಫ್ಯಾನ್ ನಿಲ್ಲುವ ಹಾಗೆಯೇ ನೆಟ್ಟಗೆ ಇಡಬೇಕು. ಮಲಗಿಸಿಟ್ಟರೆ ಎಣ್ಣೆ ಸೀಲಿನ ಕಡೆ ಇಳಿದು ಸೋರಬಹುದು. ಅಂಗಡಿಯಲ್ಲಿ ಡಬ್ಬ ಹೇಗೆ ಇಟ್ಟಿದ್ದರು ಎಂದೂ ನೋಡಿಕೊಳ್ಳಿ.

ಏಪ್ರಿಲ್ 27ರ ಓಟ: ಗರಿಷ್ಠ 97. 94ರ ಹತ್ತಿರ ಫ್ಯಾನಿನ ಗುಂಯ್ ಸದ್ದು ಕ್ಯಾಬಿನ್ನಿಗೆ ಕೇಳಿಸಿತು. ಈ ಸದ್ದು ಇಷ್ಟು ದಿನ ಕೇಳಿರಲೇ ಇಲ್ಲ, ಅದೇ ಗುರುತಾಗಬೇಕಿತ್ತು.

ಏಪ್ರಿಲ್ 29: ಗೇರಿನ ಲೆಕ್ಕ

ಅದೇ ಏರು, ಅದೇ 32 ಕಿ.ಮೀ. ವೇಗ. ಮೂರನೇ ಗೇರಿನಲ್ಲಿ 1,600 ಆರ್‌ಪಿಎಂ, 97 ಡಿಗ್ರಿ. ಎರಡನೇ ಗೇರಿನಲ್ಲಿ 2,400, ಗರಿಷ್ಠ 93. ಇಂಜಿನ್ ಕೂಗಿದರೆ ಬಿಸಿಯಾಗುತ್ತದೆ ಎಂದು ಹೆಚ್ಚಿನ ಚಾಲಕರು ಮೂರರಲ್ಲೇ ಒದ್ದಾಡಿಸುತ್ತಾರೆ. ಚಡಾವಿನಲ್ಲಿ ಅದು ತಲೆಕೆಳಗು. ಪಂಪ್ ಮತ್ತು ಫ್ಯಾನ್ ಎರಡೂ ಇಂಜಿನ್ ಜೊತೆಗೇ ತಿರುಗುವುದರಿಂದ ಎರಡನೇ ಗೇರಿನಲ್ಲಿ ಒಂದೂವರೆ ಪಟ್ಟು ತಿರುಗುತ್ತವೆ, ಎಳೆಯುವ ಹೊರೆ ಮಾತ್ರ ಅಷ್ಟೇ. ಎರಡನೇ ಗೇರಿನಲ್ಲಿ ಎಸಿ ಹಾಕಿ ಹತ್ತಿದಾಗ 97.

ದಾರಿಯಲ್ಲಿ ಹೀಟ್ ಆದರೆ: ತಿರುವಿನಲ್ಲಿ ನಿಲ್ಲಿಸಬೇಡಿ, ಅಗಲ ಜಾಗ ಸಿಗುವವರೆಗೆ ಎಸಿ ಬಂದ್ ಮಾಡಿ ಹೀಟರ್ ಪೂರ್ತಿ ಹಾಕಿಡಿ. ನಿಂತ ಮೇಲೆ ಟ್ರಾಲಿಯ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ನೀರು ಖಾಲಿಯಾಗಿರದಿದ್ದರೆ ಇಂಜಿನ್ ಬಂದ್ ಮಾಡದೆ 1,500 ಆರ್‌ಪಿಎಂನಲ್ಲಿ ಓಡಿಸಿ. ಬಂದ್ ಮಾಡಿದರೆ ಪಂಪೂ ಫ್ಯಾನೂ ನಿಂತು ಹೆಡ್ಡಿನ ಬಿಸಿ ಅಲ್ಲೇ ಉಳಿಯುತ್ತದೆ, ಟರ್ಬೊ ಬೇರಿಂಗಿಗೂ ಎಣ್ಣೆ ನಿಲ್ಲುತ್ತದೆ. ಮುಚ್ಚಳಕ್ಕೆ ಕೈ ಹಾಕಬೇಡಿ. ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯಬಹುದು.

ಖರ್ಚು

ಫಲ ಕೊಟ್ಟದ್ದು: ಥರ್ಮೋಸ್ಟಾಟ್ 680, ಕ್ಲಚ್ 4,300, ಎರಡನೇ ಕವರಿನ ಶೀಟ್, ರಿವೆಟ್, ಅಂಚಿನ ರಬ್ಬರ್ ಸೇರಿ 530, ಫೋಮ್ 320, ಕೂಲಂಟ್ ಮತ್ತು ನೀರು 1,600, ಕೆಳಗಿನ ಹೋಸ್ 390, ಮುಚ್ಚಳ 220, ನಿಂಬೆ ಉಪ್ಪು 60. ಒಟ್ಟು 8,100.

ದಂಡವಾದದ್ದು: 1.3 ಬಾರ್ ಮುಚ್ಚಳ 240, ಹೀಟರ್ ಹೋಸ್ 180, ಕರೆಂಟ್ ಫ್ಯಾನ್ ವೈರಿಂಗ್ ಸಮೇತ 3,000, ಸಿಲಿಕೋನ್ ಎಣ್ಣೆ 450, ಮೊದಲ ಕವರಿನ ಶೀಟ್ 350. ಒಟ್ಟು 4,220.

ಅಳತೆಯ ಸಾಮಾನು 2,050.

ಉಳಿದ ಕೆಲಸ

ಎಡಮೂಲೆಯ ಕೊಳವೆಗಳು ಇನ್ನೂ 66ರಲ್ಲೇ ಇವೆ. ಮಳೆಗಾಲದ ಕೆಸರು ಮುಗಿದ ಮೇಲೆ, ಅಕ್ಟೋಬರಿನಲ್ಲಿ ಇಂಟರ್‌ಕೂಲರ್ ಮತ್ತೆ ತೆಗೆದು ತೊಳೆಯುವಾಗ ಗನ್ ಹಿಡಿದು ನೋಡಬೇಕು. 60ಕ್ಕಿಂತ ಇಳಿದಿದ್ದರೆ ರೇಡಿಯೇಟರ್ ಬದಲಿಸುವುದು. ಹುಳು ತಡೆಯಲು ಗ್ರಿಲ್ಲಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟುವ ಸಲಹೆ ಬಂತು, ಅದು ಗಾಳಿಯನ್ನೂ ತಡೆಯುತ್ತದೆ ಎಂದು ಬಿಟ್ಟೆವು.